ಹನ್ನೊಂದು ಹಾಡು ಮಾಡಿದ್ದೆ, ಉಳಿದದ್ದು ಮೂರು: ಮ್ಯೂಸಿಕ್ ಸಾಫ್ಟ್‌ವೇರ್ ಆರಿಸುವ ಹೊಸಬರಿಗೆ ಒಂದು ಎಚ್ಚರಿಕೆ

ನನ್ನ ಹತ್ತಿರ ಹನ್ನೊಂದು ಹಾಡುಗಳಿದ್ದವು. ಎಂಟು ತಿಂಗಳು ರಾತ್ರಿ ನಿದ್ದೆಗೆಟ್ಟು ಮಾಡಿದವು. ಈಗ ಉಳಿದಿರುವುದು ಎರಡು ಎಂಪಿ3 ಫೈಲ್, ಮತ್ತೆ ಸ್ಪೀಕರ್ ಮುಂದೆ ಫೋನ್ ಹಿಡಿದು ರೆಕಾರ್ಡ್ ಮಾಡಿಕೊಂಡಿದ್ದ ಇನ್ನೊಂದು. ಅದರಲ್ಲಿ ಹಾಡಿಗಿಂತ ಫ್ಯಾನಿನ ಸದ್ದೇ ಜಾಸ್ತಿ. ಉಳಿದ ಎಂಟು ಹೋದವು. ಕಂಪ್ಯೂಟರ್ ಕೆಟ್ಟಿರಲಿಲ್ಲ, ಡಿಸ್ಕ್ ಕೈ ಕೊಟ್ಟಿರಲಿಲ್ಲ. ಫೈಲುಗಳು ಈಗಲೂ ಇವೆ, ಹೆಸರೂ ಹಾಗೇ ಇದೆ. ತೆರೆದರೆ ಸದ್ದು ಬರುವುದಿಲ್ಲ, ಅಷ್ಟೇ.

ಹೇಗಾಯಿತು ಅಂತ ಹೇಳ್ತೀನಿ. ಈಗ ತಾನೇ ಶುರು ಮಾಡುತ್ತಿರುವವರು ಓದಿಕೊಳ್ಳಿ.

ನನಗೆ ಹಾಡಲು ಬರುತ್ತದೆ, ಕೀಬೋರ್ಡ್‌ನಲ್ಲಿ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯಲು ಬರುತ್ತದೆ. ನಾನೇ ಬರೆದ ಹಾಡುಗಳನ್ನು ರೆಕಾರ್ಡ್ ಮಾಡಬೇಕು ಅನ್ನುವುದೊಂದೇ ಆಸೆ. ಸಂಗೀತ ಮಾಡುವ ಗೆಳೆಯನೊಬ್ಬನನ್ನು ಕೇಳಿದೆ: ‘ಯಾವ ಸಾಫ್ಟ್‌ವೇರ್ ಒಳ್ಳೇದು?’ ಪ್ರಶ್ನೆಯೇ ತಪ್ಪಾಗಿತ್ತು. ಅವನು ‘ದೊಡ್ಡ ದೊಡ್ಡವರೆಲ್ಲ ಇದನ್ನೇ ಬಳಸೋದು ಕಣೋ’ ಅಂತ ಒಂದು ಪೆನ್‌ಡ್ರೈವ್ ಕೊಟ್ಟ. ನೀನು ಮಾಡಬೇಕಿರುವುದು ಏನು ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವನು ರ‍್ಯಾಪ್‌ಗೆ ಬೀಟ್ ಮಾಡುವವನು. ಅವನ ಕೆಲಸಕ್ಕೆ ಅದು ಸರಿಯಾಗೇ ಇತ್ತು.

ಪೆನ್‌ಡ್ರೈವ್‌ನಲ್ಲಿದ್ದದ್ದು ಕ್ರ್ಯಾಕ್ ಮಾಡಿದ ಪ್ರತಿ, ಅಂದರೆ ಬೀಗ ಮುರಿದ ಕಳ್ಳ ಪ್ರತಿ. ಜೊತೆಗೊಂದು ಚಿಕ್ಕ ಟೆಕ್ಸ್ಟ್ ಫೈಲ್: ‘ಮೊದಲು ಆ್ಯಂಟಿವೈರಸ್ ಆಫ್ ಮಾಡಿ, ಆಮೇಲೆ ಇನ್‌ಸ್ಟಾಲ್ ಮಾಡಿ.’ ನಾಯಿಯನ್ನು ಕಟ್ಟಿಹಾಕಿ, ಬಾಗಿಲು ತೆಗೆದಿಟ್ಟು ಮಲಗಿ ಅಂತ ಕಳ್ಳನೇ ಚೀಟಿ ಬರೆದಿಟ್ಟ ಹಾಗೆ. ನಾನು ಅಕ್ಷರಶಃ ಹಾಗೇ ಮಾಡಿದೆ. ಎಲ್ಲರೂ ಮಾಡ್ತಾರೆ ಅಲ್ವಾ ಅಂದುಕೊಂಡೆ.

ಮೊದಲ ಎರಡು ತಿಂಗಳು ನನ್ನ ದಡ್ಡತನವನ್ನೇ ಬೈದುಕೊಂಡು ಕಳೆದೆ. ಆ ಸಾಫ್ಟ್‌ವೇರ್‌ನಲ್ಲಿ ಡ್ರಮ್ಸ್ ಕೂರಿಸುವುದು ಎರಡು ನಿಮಿಷದ ಕೆಲಸ. ನಾಲ್ಕು ಬಾರಿನ (ಬಾರ್ ಅಂದರೆ ತಾಳದ ಒಂದು ಆವರ್ತ) ತುಂಡು ಮಾಡಿ, ಅದನ್ನೇ ಇಟ್ಟಿಗೆ ಜೋಡಿಸಿದಂತೆ ಜೋಡಿಸುತ್ತಾ ಹೋಗಬಹುದು. ಆದರೆ ನನ್ನ ಹಾಡು ಇಟ್ಟಿಗೆ ಇಟ್ಟಿಗೆಯಾಗಿ ಬರುವುದಿಲ್ಲ. ಪಲ್ಲವಿಯಿಂದ ಕೊನೆವರೆಗೆ ಒಂದೇ ಸಲ ಹಾಡಬೇಕು, ತಪ್ಪಿದ ಸಾಲನ್ನಷ್ಟೇ ಮತ್ತೆ ಹಾಡಬೇಕು, ಐದು ಸಲ ಹಾಡಿದ್ದರಲ್ಲಿ ಚೆನ್ನಾಗಿ ಬಂದ ತುಂಡುಗಳನ್ನು ಆರಿಸಬೇಕು. ಅಲ್ಲಿ ಇದಕ್ಕೂ ದಾರಿ ಇತ್ತು, ಇಲ್ಲವೆಂದಲ್ಲ. ಆದರೆ ಪ್ರತಿ ಸಲ ಸುತ್ತಿ ಬಳಸಿ ಹೋಗಬೇಕಿತ್ತು.

ಇನ್ನೊಂದು ಕಥೆ ಕೇಳಿ. ಹೆಡ್‌ಫೋನ್ ಹಾಕಿಕೊಂಡು ಹಾಡಿದರೆ ನನ್ನ ದನಿ ನನಗೇ ತಡವಾಗಿ ಕೇಳುತ್ತಿತ್ತು. ಅದಕ್ಕೆ ಕಾದು ಹಾಡಲು ಹೋಗಿ ತಾಳ ಜಾರುತ್ತಿತ್ತು. ಇಷ್ಟು ವರ್ಷ ಹಾಡಿಯೂ ನನಗೆ ತಾಳಜ್ಞಾನವೇ ಇಲ್ಲವಾ ಅಂತ ನಿಜಕ್ಕೂ ಕುಗ್ಗಿಹೋದೆ. ಮೆಟ್ರೊನೋಮ್ ಇಟ್ಟುಕೊಂಡು ಅಭ್ಯಾಸ ಬೇರೆ ಮಾಡಿದೆ. ಕೊನೆಗೆ ಗೊತ್ತಾಯಿತು, ಬಫರ್ 2048ರಲ್ಲಿತ್ತು. ಕಂಪ್ಯೂಟರ್ ಒಂದು ಸಲಕ್ಕೆ ಸದ್ದಿನ ಎಷ್ಟು ಚೂರು (ಸ್ಯಾಂಪಲ್) ತುಂಬಿಕೊಂಡು ಮುಂದೆ ಕಳಿಸುತ್ತದೆ ಅನ್ನುವ ಲೆಕ್ಕ ಅದು. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ 2048 ಅಂದರೆ 46 ಮಿಲಿಸೆಕೆಂಡ್. ಒಳಗೆ ಹೋಗುವಾಗ ಒಂದು ಸಲ, ಹೊರಗೆ ಬರುವಾಗ ಇನ್ನೊಂದು ಸಲ. ಹತ್ತಿರ ಹತ್ತಿರ ಸೆಕೆಂಡಿನ ಹತ್ತನೇ ಒಂದು ಭಾಗ ತಡ. ಯಾರು ಹಾಡಿದರೂ ಜಾರುತ್ತಾರೆ. ವಿಂಡೋಸ್‌ನಲ್ಲಿ ಆಸಿಯೊ ಡ್ರೈವರ್ (ಸದ್ದನ್ನು ಕಡಿಮೆ ತಡದಲ್ಲಿ ದಾಟಿಸುವ ಚಿಕ್ಕ ಸಾಫ್ಟ್‌ವೇರ್) ಹಾಕಿ ಬಫರನ್ನು 128ಕ್ಕೆ ಇಳಿಸಿದರೆ ಅದೇ ಲೆಕ್ಕ 3 ಮಿಲಿಸೆಕೆಂಡಿಗೆ ಬರುತ್ತದೆ. ಹಾಡಿ ಮುಗಿಸಿ ಮಿಕ್ಸ್ ಮಾಡುವಾಗ ಮತ್ತೆ ಏರಿಸಿಕೊಂಡರೆ ಕಂಪ್ಯೂಟರ್ ಏದುಸಿರು ಬಿಡುವುದಿಲ್ಲ. ಇದು ಯಾವ ಸಾಫ್ಟ್‌ವೇರ್‌ನಲ್ಲೂ ಒಂದೇ. ಇದೇ ತೊಂದರೆಗೆ ಸಾಫ್ಟ್‌ವೇರ್ ಬದಲಿಸುತ್ತಾ ಹೋಗುವವರಿದ್ದಾರೆ, ಅದಕ್ಕೇ ಹೇಳಿದೆ.

ಎಂಟನೇ ತಿಂಗಳು ನನ್ನ ಈಮೇಲ್‌ಗೆ ಯಾರೋ ಬೇರೆ ಕಡೆಯಿಂದ ಲಾಗಿನ್ ಆದರು. ಪಾಸ್‌ವರ್ಡ್ ಬದಲಿಸಿದೆ. ಎರಡು ದಿನಕ್ಕೆ ಮತ್ತೆ ಅದೇ. ಬ್ರೌಸರ್‌ನಲ್ಲಿ ಸೇವ್ ಆಗಿದ್ದ ಪಾಸ್‌ವರ್ಡ್‌ಗಳನ್ನು ಕದ್ದು ಕಳಿಸುವ ಮಾಲ್‌ವೇರ್ ಕಂಪ್ಯೂಟರಿನೊಳಗೇ ಕೂತಿತ್ತು. ಕ್ರ್ಯಾಕ್ ಜೊತೆಗೇ ಬಂತು ಅಂತ ಪ್ರಮಾಣ ಮಾಡಿ ಹೇಳಲಾರೆ. ಆದರೆ ಆ್ಯಂಟಿವೈರಸ್ ಆಫ್ ಮಾಡಿ ನಾನು ಒಳಗೆ ಬಿಟ್ಟುಕೊಂಡದ್ದು ಅದೊಂದನ್ನೇ. ಇಡೀ ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವುದೊಂದೇ ದಾರಿ ಉಳಿದಿತ್ತು.

ನಾನು ಜಾಣ, ಮೊದಲೇ ಬ್ಯಾಕಪ್ ತೆಗೆದುಕೊಂಡೆ. ಪ್ರಾಜೆಕ್ಟ್ ಫೋಲ್ಡರ್ ಪೂರ್ತಿ ಬೇರೆ ಡಿಸ್ಕಿಗೆ ಕಾಪಿ ಮಾಡಿದೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಾಪಿ ಮುಗಿಯಿತು. ಹನ್ನೊಂದು ಹಾಡುಗಳ ಫೈಲ್ ಎಲ್ಲ ಸೇರಿ ಒಂದು ಎಂಪಿ3ಯಷ್ಟೂ ಗಾತ್ರ ಇರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು.

ಫಾರ್ಮ್ಯಾಟ್ ಆದ ಮೇಲೆ ಬುದ್ಧಿ ಬಂದು ಅದೇ ಸಾಫ್ಟ್‌ವೇರ್‌ನ ಅಸಲಿ ಟ್ರಯಲ್ ಹಾಕಿ ಒಂದೊಂದೇ ಹಾಡು ತೆರೆದೆ. ‘ಫೈಲ್ ಸಿಗುತ್ತಿಲ್ಲ’, ‘ಪ್ಲಗಿನ್ ಸಿಗುತ್ತಿಲ್ಲ’ ಅನ್ನುವ ಸಂದೇಶಗಳ ಸಾಲು. ಪ್ಲಗಿನ್ ಅಂದರೆ ವಾದ್ಯದ ಸದ್ದು, ಎಫೆಕ್ಟ್ ಕೊಡಲು ಸಾಫ್ಟ್‌ವೇರ್‌ಗೆ ಜೋಡಿಸುವ ಚಿಕ್ಕ ಪ್ರೋಗ್ರಾಂ. ಪರದೆಯ ಮೇಲೆ ಟ್ರ್ಯಾಕುಗಳು ಬಣ್ಣ ಬಣ್ಣವಾಗಿ ಇದ್ದ ಜಾಗದಲ್ಲೇ ಇದ್ದವು. ಪ್ಲೇ ಒತ್ತಿದರೆ ಗೆರೆ ಸುಮ್ನೆ ಓಡುತ್ತಿತ್ತು.

ಆಗಿದ್ದು ಇಷ್ಟು. ಪ್ರಾಜೆಕ್ಟ್ ಫೈಲ್ ಅನ್ನುವುದು ಹಾಡಲ್ಲ. ಯಾವ ಸದ್ದು ಯಾವ ಫೋಲ್ಡರ್‌ನಲ್ಲಿದೆ, ಎಷ್ಟನೇ ಸೆಕೆಂಡಿಗೆ ಬರಬೇಕು, ಯಾವ ಪ್ಲಗಿನ್ ಮೂಲಕ ಹಾಯಬೇಕು ಅನ್ನುವ ಪಟ್ಟಿ ಅದು. ಸದ್ದುಗಳು ಬೇರೆ ಕಡೆ ಇರುತ್ತವೆ. ನಾನು ಹಾಡಿದ್ದೆಲ್ಲ ಸಾಫ್ಟ್‌ವೇರ್ ತಾನೇ ಮಾಡಿಕೊಂಡಿದ್ದ ಬೇರೊಂದು ಫೋಲ್ಡರ್‌ನಲ್ಲಿ ಕೂತಿತ್ತು. ಡ್ರಮ್ ಲೂಪ್‌ಗಳು (ಮತ್ತೆ ಮತ್ತೆ ಬರುವ ಡ್ರಮ್ಸ್ ತುಂಡುಗಳು) ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿದ್ದವು. ಎರಡೂ ಫಾರ್ಮ್ಯಾಟ್‌ನಲ್ಲಿ ಹೋದವು. ಕಾರ್ಡ್‌ಗಳ ನೋಟ್‌ಗಳು ಉಳಿದಿದ್ದವು, ಅವನ್ನು ನುಡಿಸುವ ಪ್ಲಗಿನ್ ಇರಲಿಲ್ಲ. ಅದೂ ಕ್ರ್ಯಾಕ್ ಆಗಿತ್ತಲ್ಲ.

ಎಲ್ಲ ಸದ್ದನ್ನೂ ಹಾಡಿನ ಫೋಲ್ಡರ್‌ಗೇ ತಂದು ಹಾಕಿಕೊಳ್ಳುವ ಸೌಲಭ್ಯ ಬಹುತೇಕ ಎಲ್ಲ ಮ್ಯೂಸಿಕ್ ಸಾಫ್ಟ್‌ವೇರ್‌ಗಳಲ್ಲೂ ಇದೆ. ಏಬಲ್ಟನ್ ಲೈವ್‌ನಲ್ಲಿ ‘ಕಲೆಕ್ಟ್ ಆಲ್ ಆ್ಯಂಡ್ ಸೇವ್’. ಎಫ್‌ಎಲ್ ಸ್ಟುಡಿಯೊದಲ್ಲಿ ‘ಜಿಪ್ಡ್ ಲೂಪ್ ಪ್ಯಾಕೇಜ್’. ಕ್ಯೂಬೇಸ್‌ನಲ್ಲಿ ‘ಬ್ಯಾಕಪ್ ಪ್ರಾಜೆಕ್ಟ್’. ರೀಪರ್‌ನಲ್ಲಿ ‘ಸೇವ್ ಆ್ಯಸ್’ ಕೊಟ್ಟಾಗ ಮೀಡಿಯಾ ಕಾಪಿ ಮಾಡಲೇ ಅಂತ ಒಂದು ಟಿಕ್ ಬಾಕ್ಸ್ ಇರುತ್ತದೆ. ಹೊಸ ಸಾಫ್ಟ್‌ವೇರ್ ಹಾಕಿದ ದಿನವೇ ಇದು ಎಲ್ಲಿದೆ ಅಂತ ಹುಡುಕಿ. ಡ್ರಮ್ಸ್ ಎಲ್ಲಿದೆ ಅಂತ ಹುಡುಕುವ ಮೊದಲೇ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಇನ್ನು ಮೇಲೆ ಅಸಲಿಯೇ ಅಂತ ತೀರ್ಮಾನಿಸಿ, ಹಾಡು ರೆಕಾರ್ಡ್ ಮಾಡಲು ಹೊಂದುವ ಬೇರೆ ಸಾಫ್ಟ್‌ವೇರ್ ನೋಡಿದೆ. ಅದರ ಅತಿ ದೊಡ್ಡ ಆವೃತ್ತಿಯನ್ನು ಒಬ್ಬ ಮಾರಾಟಗಾರ ಪುಡಿಗಾಸಿಗೆ ಕೊಡುತ್ತಿದ್ದ. ‘ಲೈಫ್‌ಟೈಮ್ ಲೈಸೆನ್ಸ್’ ಅಂತ ಬರೆದಿತ್ತು. ಹಣ ಕಳಿಸಿದೆ. ಬಂದದ್ದು ಸೀರಿಯಲ್ ನಂಬರ್ ಅಲ್ಲ, ಒಂದು ಯೂಸರ್ ನೇಮ್ ಮತ್ತು ಪಾಸ್‌ವರ್ಡ್. ಬೇರೆ ಯಾರದೋ ಖಾತೆ. ಆರು ವಾರ ನಡೆಯಿತು. ಒಂದು ದಿನ ಪಾಸ್‌ವರ್ಡ್ ಬದಲಾಗಿತ್ತು, ಮಾರಿದವನೂ ನಾಪತ್ತೆ. ಕಂಪನಿಗೆ ಬರೆದೆ. ಖಾತೆ ನಿಮ್ಮ ಹೆಸರಿನಲ್ಲಿಲ್ಲ, ನಾವೇನೂ ಮಾಡಲಾಗದು ಅಂತ ಮರ್ಯಾದೆಯಿಂದಲೇ ಉತ್ತರ ಬಂತು. ಅವರು ಹೇಳಿದ್ದು ಸರಿ. ಲೈಸೆನ್ಸ್ ನಿಮ್ಮದೇ ಈಮೇಲ್‌ನ ಖಾತೆಯಲ್ಲಿ ನೋಂದಣಿ ಆಗದಿದ್ದರೆ ನೀವು ಏನನ್ನೂ ಕೊಂಡಿಲ್ಲ ಅಂತಲೇ ಲೆಕ್ಕ. ಹಳೆಯ ಬಳಕೆದಾರರಿಂದ ಕೊಳ್ಳುವುದು ತಪ್ಪಲ್ಲ, ಹಲವು ಕಂಪನಿಗಳು ಲೈಸೆನ್ಸ್ ವರ್ಗಾವಣೆಗೆ ಒಪ್ಪುತ್ತವೆ. ಆದರೆ ಆ ವರ್ಗಾವಣೆ ಕಂಪನಿಯ ಮೂಲಕವೇ ಆಗಬೇಕು. ವಿದ್ಯಾರ್ಥಿಗಳಿಗೆ ಮಾತ್ರ ಅಂತ ಕೊಟ್ಟದ್ದು, ಮಾರಾಟಕ್ಕಲ್ಲ ಅಂತ ಕೊಟ್ಟದ್ದು ಕೂಡ ಹೀಗೆ ಕೈ ಬದಲಾಯಿಸುತ್ತಿರುತ್ತವೆ. ಕೇಳಿ ತಿಳಿದುಕೊಳ್ಳಿ.

ನಾಚಿಕೆಯ ವಿಷಯ ಏನೆಂದರೆ, ಇದ್ಯಾವುದೂ ನನಗೆ ಬೇಕಾಗಿರಲೇ ಇಲ್ಲ. ರೀಪರ್‌ನ ಟ್ರಯಲ್ 60 ದಿನ, ಒಂದು ಸೌಲಭ್ಯವನ್ನೂ ಕಟ್ಟಿಹಾಕದೆ ಪೂರ್ತಿ ಕೊಡುತ್ತಾರೆ. ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ, ಲಾಜಿಕ್ ಪ್ರೋವನ್ನೂ ಕೊಳ್ಳುವ ಮುಂಚೆ ಟ್ರಯಲ್ ಹಾಕಿ ನೋಡಬಹುದು. ಪ್ರೋ ಟೂಲ್ಸ್‌ಗೂ ಇಂಟ್ರೋ ಅನ್ನುವ ಉಚಿತ ಆವೃತ್ತಿ ಇದೆ, 8 ಆಡಿಯೊ ಟ್ರ್ಯಾಕ್ ಸಿಗುತ್ತವೆ. ಒಂದು ದನಿ, ಒಂದು ಕೀಬೋರ್ಡ್ ಇರುವ ನನ್ನಂಥವನಿಗೆ ಎಂಟು ಧಾರಾಳವಾಯಿತು. ಆಡಿಯೊ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ), ಮಿಡಿ ಕೀಬೋರ್ಡ್ (ಸದ್ದಲ್ಲ, ಯಾವ ನೋಟ್ ಒತ್ತಿದಿರಿ ಅನ್ನುವುದನ್ನು ಕಂಪ್ಯೂಟರಿಗೆ ಕಳಿಸುವ ಕೀಬೋರ್ಡ್) ಕೊಂಡರೆ ಅದರ ಜೊತೆಗೇ ಚಿಕ್ಕ ಆವೃತ್ತಿಯ ಲೈಸೆನ್ಸ್ ಬರುವುದುಂಟು. ನನ್ನ ಇಂಟರ್‌ಫೇಸ್‌ನ ಡಬ್ಬದಲ್ಲೇ ಅಂಥದ್ದೊಂದು ಕಾರ್ಡ್ ಇತ್ತು, ಎಂಟು ತಿಂಗಳು ತೆರೆದೇ ನೋಡಿರಲಿಲ್ಲ.

ಟ್ರಯಲ್ ಹಾಕುವ ಮುಂಚೆ ಅದರ ಷರತ್ತು ಓದಿ, ಒಂದೊಂದರದ್ದು ಒಂದೊಂದು ಥರ. ಎಫ್‌ಎಲ್ ಸ್ಟುಡಿಯೊ ಟ್ರಯಲ್‌ಗೆ ದಿನದ ಮಿತಿ ಇಲ್ಲ, ಹಾಡನ್ನು ಎಕ್ಸ್‌ಪೋರ್ಟ್ (ಕೇಳುವ ಫೈಲ್ ಆಗಿ ಹೊರತೆಗೆಯುವುದು) ಕೂಡ ಮಾಡಬಹುದು. ಆದರೆ ಸೇವ್ ಮಾಡಿದ ಪ್ರಾಜೆಕ್ಟನ್ನು ಮತ್ತೆ ತೆರೆದು ಕೆಲಸ ಮುಂದುವರಿಸಲು ಖರೀದಿಸಲೇಬೇಕು. ಅವರು ಅದನ್ನು ಮುಚ್ಚಿಟ್ಟಿಲ್ಲ, ನಾವು ಓದುವುದಿಲ್ಲ. ಏಬಲ್ಟನ್ ಲೈವ್‌ನ ಟ್ರಯಲ್ 30 ದಿನ, ಆಮೇಲೆ ಸೇವ್ ಮತ್ತು ಎಕ್ಸ್‌ಪೋರ್ಟ್ ಎರಡೂ ನಿಲ್ಲುತ್ತವೆ. ಅದರ ಇಂಟ್ರೋ ಆವೃತ್ತಿಯಲ್ಲಿ 16 ಟ್ರ್ಯಾಕ್ ಮಾತ್ರ. ಸಾಮಾನ್ಯವಾಗಿ ಟ್ರಯಲ್‌ನಲ್ಲಿ ಅತಿ ದೊಡ್ಡ ಆವೃತ್ತಿಯ ರುಚಿ ತೋರಿಸುತ್ತಾರೆ, ನಾವು ಕೊಳ್ಳುವುದು ಅತಿ ಚಿಕ್ಕದ್ದನ್ನು. ಯಾವ ಆವೃತ್ತಿಯನ್ನು ಪರೀಕ್ಷಿಸುತ್ತಿದ್ದೇನೆ ಅಂತ ಗಮನ ಇರಲಿ. ಲಾಜಿಕ್ ಮ್ಯಾಕ್, ಐಪ್ಯಾಡ್‌ಗಳಲ್ಲಿ ಮಾತ್ರ ನಡೆಯುತ್ತದೆ, ಎಯು ಅನ್ನುವ ಮಾದರಿಯ ಪ್ಲಗಿನ್ ಮಾತ್ರ ಒಪ್ಪುತ್ತದೆ. ಪ್ರೋ ಟೂಲ್ಸ್ ಎಎಎಕ್ಸ್ ಅನ್ನುವ ಮಾದರಿ ಕೇಳುತ್ತದೆ. ಸಿಕ್ಕ ಸಿಕ್ಕ ಉಚಿತ ವಿಎಸ್‌ಟಿ ಮಾದರಿಯ ಪ್ಲಗಿನ್ ಗುಡ್ಡೆ ಹಾಕಿಕೊಂಡು ಆಮೇಲೆ ಅಲ್ಲಿಗೆ ಹೋದರೆ ಅವು ಕಾಣುವುದೇ ಇಲ್ಲ. ಆಡಾಸಿಟಿ ಒಳ್ಳೆಯದೇ, ಆದರೆ ಅದು ಮುಖ್ಯವಾಗಿ ರೆಕಾರ್ಡ್ ಮಾಡಿ ಕತ್ತರಿಸಲು. ಕೀಬೋರ್ಡ್ ಜೋಡಿಸಿ ಸಾಫ್ಟ್‌ವೇರ್ ವಾದ್ಯ ನುಡಿಸಿ ಹಾಡು ಕಟ್ಟುವ ಕೆಲಸಕ್ಕೆ ಅದು ಆಗಿ ಬರುವುದಿಲ್ಲ.

ಉಚಿತವೋ ದುಬಾರಿಯೋ, ಯಾವುದೂ ಶಾಶ್ವತ ಅಂದುಕೊಳ್ಳಬೇಡಿ. ಕೇಕ್‌ವಾಕ್ ಸೋನಾರ್ ಅನ್ನುವ ಮ್ಯೂಸಿಕ್ ಸಾಫ್ಟ್‌ವೇರನ್ನು ದುಡ್ಡು ಕೊಟ್ಟು ಬಳಸುತ್ತಿದ್ದವರು ಎಷ್ಟೋ ಜನ. 2017ರ ನವೆಂಬರ್‌ನಲ್ಲಿ ಗಿಬ್ಸನ್ ಕಂಪನಿ ಅದನ್ನು ನಿಲ್ಲಿಸುತ್ತೇವೆ ಅಂತ ಹೇಳಿಬಿಟ್ಟಿತು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಅನ್ನುವ ಇನ್ನೊಂದು ಕಂಪನಿ ಕೈಗೆತ್ತಿಕೊಂಡಿತು, ಅದು ಬೇರೆ ಮಾತು. ಲಾಜಿಕ್ ಕೂಡ ಒಂದು ಕಾಲದಲ್ಲಿ ವಿಂಡೋಸ್‌ನಲ್ಲಿ ನಡೆಯುತ್ತಿತ್ತು. 2002ರಲ್ಲಿ ಆ್ಯಪಲ್ ಕೊಂಡಿತು, ವಿಂಡೋಸ್‌ನವರ ಬಾಗಿಲು ಮುಚ್ಚಿತು.

ಈಗ ಯಾವುದು ಬಳಸುತ್ತಿದ್ದೀಯ ಅಂತ ಕೇಳಬೇಡಿ. ಹೇಳಿದರೆ ಪೆನ್‌ಡ್ರೈವ್ ಕೊಟ್ಟ ಗೆಳೆಯನೇ ನಾನಾಗುತ್ತೇನೆ. ಆರಿಸಿದ್ದು ಹೇಗೆ ಅಂತ ಮಾತ್ರ ಹೇಳ್ತೀನಿ. ಮೂರು ಟ್ರಯಲ್ ಹಾಕಿಕೊಂಡೆ. ಮೂರರಲ್ಲೂ ಅದೇ ಒಂದು ಹಾಡು ಮಾಡಿದೆ: ಕೀಬೋರ್ಡ್, ದನಿ, ಒಂದು ತಪ್ಪು ಸಾಲಿನ ತಿದ್ದುಪಡಿ, ಎಕ್ಸ್‌ಪೋರ್ಟ್. ಒಂದರಲ್ಲಿ ತಪ್ಪು ಸಾಲು ತಿದ್ದುವಷ್ಟರಲ್ಲಿ ಹಾಡುವ ಮನಸ್ಸೇ ಹೋಯಿತು. ಇನ್ನೊಂದು ನನ್ನ ಹಳೇ ಕಂಪ್ಯೂಟರಿನಲ್ಲಿ ತೆವಳಿತು. ಉಳಿದದ್ದನ್ನು ಇಟ್ಟುಕೊಂಡೆ. ಬೀಟ್ ಮಾಡುವವರು ಇದೇ ಪರೀಕ್ಷೆಯನ್ನು ಬೀಟ್ ಇಟ್ಟು ಮಾಡಿದರೆ ಬೇರೆ ಉತ್ತರ ಬರಬಹುದು, ಬರಲಿ.

ಈಗಾಗಲೇ ಕ್ರ್ಯಾಕ್ ಬಳಸುತ್ತಿರುವವರಿಗೆ ಬೈಯುವ ಯೋಗ್ಯತೆ ನನಗಿಲ್ಲ. ಆದರೆ ಅಳಿಸಿಹಾಕುವ ಮೊದಲು ಹಾಡುಗಳನ್ನು ಹೊರಗೆ ತೆಗೆಯಿರಿ. ಪ್ರತಿ ಟ್ರ್ಯಾಕನ್ನೂ ಬೇರೆ ಬೇರೆಯಾಗಿ, ಎಲ್ಲವೂ ಹಾಡಿನ ಆರಂಭದಿಂದಲೇ ಶುರುವಾಗುವಂತೆ 24 ಬಿಟ್ ವೇವ್ ಫೈಲ್ ಮಾಡಿಕೊಳ್ಳಿ. ಆಗ ಯಾವ ಸಾಫ್ಟ್‌ವೇರ್‌ಗೆ ಎಳೆದು ಹಾಕಿದರೂ ತಾನಾಗಿ ಒಂದರ ಕೆಳಗೊಂದು ಹೊಂದಿಕೊಳ್ಳುತ್ತವೆ. ನೋಟ್‌ಗಳನ್ನು ಮಿಡಿ ಫೈಲ್ ಆಗಿ ತೆಗೆಯಿರಿ. ಟೆಂಪೊ (ಹಾಡಿನ ವೇಗ) ಎಷ್ಟು ಅಂತ ಫೈಲಿನ ಹೆಸರಿನಲ್ಲೇ ಬರೆಯಿರಿ. ಆಮೇಲೆ ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರಿನಿಂದ ಬದಲಿಸಿ.

ಹೋದ ಎಂಟರಲ್ಲಿ ಮೂರನ್ನು ಮತ್ತೆ ಹಾಡಿ ಮುಗಿಸಿದ್ದೇನೆ. ನಾಲ್ಕನೆಯದರ ಎರಡನೇ ಚರಣ ನೆನಪಿಗೆ ಬರುತ್ತಿಲ್ಲ. ಎಲ್ಲೂ ಬರೆದಿಟ್ಟಿರಲಿಲ್ಲ, ಮೈಕ್ ಮುಂದೆ ಹಾಗೇ ಬಾಯಿಗೆ ಬಂದದ್ದು.