ಡಿಲೀಟ್ ಮಾಡಿದ ಪೋಸ್ಟ್ ಚಿಕ್ಕಮ್ಮನ ಕೈ ಸೇರಿತು

ಆಮೇಲೆ ಡಿಲೀಟ್ ಮಾಡಿದರಾಯಿತು ಅಂತ ಏನೇನೋ ಬರೆದು ಹಾಕುವವರು ಒಂದು ನಿಮಿಷ ಇದನ್ನು ಓದಿ. ನಾನು ಆ ಬಟನ್ ನಂಬಿ ಕೆಟ್ಟೆ.

ಹೋದ ವರ್ಷ ಚಿಕ್ಕಪ್ಪನ ಮನೆ ಗೃಹಪ್ರವೇಶ. ನಾನು ಕೂತಿದ್ದು ಮೂರನೇ ಪಂಕ್ತಿಗೆ. ಅಷ್ಟೊತ್ತಿಗೆ ಕೋಸಂಬರಿ ಖಾಲಿ. ತುಪ್ಪ ಬಡಿಸುವವನು ನನ್ನ ಎಲೆ ದಾಟಿಕೊಂಡೇ ಹೋದ. ರಾತ್ರಿ ಸುಮ್ನೆ ತಮಾಷೆಗೆ ಫೇಸ್‌ಬುಕ್‌ನಲ್ಲಿ ಹಾಕಿದೆ: 'ಮನೆಗೆ 70 ಲಕ್ಷ, ಒಬ್ಬಟ್ಟಿಗೆ ತೊಟ್ಟು ತುಪ್ಪ ಇಲ್ಲ.' ಹೆಸರು ಬರೆದಿರಲಿಲ್ಲ. ಬೆಳಿಗ್ಗೆ ತಾನೇ ಗೃಹಪ್ರವೇಶದ ಫೋಟೊ ಹಾಕಿದ್ದೆನಲ್ಲ, ಹೆಸರು ಯಾಕೆ ಬೇಕು! ಹೆಂಡತಿ ನೋಡಿ ಬೈದಳು. ಕಾಲು ಗಂಟೆಯೊಳಗೆ ತೆಗೆದು ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಆರೂವರೆಗೆ ಚಿಕ್ಕಮ್ಮನ ಫೋನ್. "ತುಪ್ಪ ಎಷ್ಟು ಬೇಕಿತ್ತಪ್ಪಾ? ಡಬ್ಬಾನೇ ಕಳಿಸ್ಲಾ?"

ಯಾರೋ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ನಾನಿಲ್ಲದ ಗ್ರೂಪ್. ಅಂಥದೊಂದಿದೆ ಅಂತ ಗೊತ್ತಾಗಿದ್ದೂ ಅವತ್ತೇ.

"ಆಗಲೇ ಡಿಲೀಟ್ ಮಾಡಿದೀನಿ ಚಿಕ್ಕಮ್ಮ" ಅಂದೆ.

"ಹಾಗಾದ್ರೆ ತಪ್ಪು ಅಂತ ನಿಂಗೂ ಗೊತ್ತಿತ್ತು."

ಏನು ಹೇಳಲಿ?

ಒಂದು ವಾರ ಬಿಟ್ಟು ನೋಡಿದರೆ ಆ ಪೋಸ್ಟ್ ನನ್ನದೇ ಖಾತೆಯ ಟ್ರ್ಯಾಶ್‌ನಲ್ಲಿ ಆರಾಮಾಗಿ ಕೂತಿತ್ತು. ಫೇಸ್‌ಬುಕ್ ಟ್ರ್ಯಾಶ್‌ನಲ್ಲಿ ಪೋಸ್ಟ್ 30 ದಿನ ಇರುತ್ತದೆ. ಇಡೀ ಖಾತೆಯನ್ನೇ ಅಳಿಸಲು ಹೊರಟರೂ ಮನಸ್ಸು ಬದಲಾಯಿಸಲು 30 ದಿನ ಕೊಡುತ್ತಾರೆ, ಎಲ್ಲಾ ಅಳಿಸಿ ಮುಗಿಸಲು 90 ದಿನದವರೆಗೂ ಹಿಡಿಯಬಹುದು. ವಾಟ್ಸಾಪ್‌ನ 'ಡಿಲೀಟ್ ಫಾರ್ ಎವ್ರಿಒನ್' ಕೂಡ ಅಷ್ಟೆ. ಎದುರಿನವರ ಆಂಡ್ರಾಯ್ಡ್ ಫೋನಿನಲ್ಲಿ ನೋಟಿಫಿಕೇಶನ್ ಹಿಸ್ಟರಿ, ಅಂದರೆ ಬಂದ ನೋಟಿಫಿಕೇಶನ್‌ಗಳನ್ನು ಕೂಡಿಡುವ ಸೆಟ್ಟಿಂಗ್, ಆನ್ ಆಗಿದ್ದರೆ, ಅಳಿಸಿದ ಮೆಸೇಜನ್ನು ಅಲ್ಲಿ 24 ಗಂಟೆಯವರೆಗೆ ಓದಬಹುದು. ಗಾಬರಿಯಲ್ಲಿ 'ಡಿಲೀಟ್ ಫಾರ್ ಮಿ' ಒತ್ತಿಬಿಟ್ಟರಂತೂ ಮುಗೀತು. ಎಲ್ಲರಿಗೂ ಕಾಣುತ್ತೆ, ನಿಮಗೊಬ್ಬರಿಗೇ ಕಾಣಲ್ಲ. ಅದನ್ನು ವಾಪಸ್ ಪಡೆಯಲು ಸಿಗುವುದು ಐದೇ ಸೆಕೆಂಡು.

ಕಾನೂನು ಇದೆಯಲ್ಲ ಅನ್ನಬೇಡಿ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ನಮ್ಮ ಮಾಹಿತಿ ಅಳಿಸಿ ಅಂತ ಕಂಪನಿಯನ್ನು ಕೇಳುವ ಹಕ್ಕನ್ನು ಬರೆದಿದ್ದಾರೆ. ಮನೆಮಟ್ಟಿಗೆ, ಸ್ವಂತಕ್ಕೆ ಇಟ್ಟುಕೊಂಡಿದ್ದಕ್ಕೆ ಆ ಕಾಯ್ದೆ ಅನ್ವಯಿಸಲ್ಲ. ಅಂದರೆ ಚಿಕ್ಕಮ್ಮನ ಫೋನಿನ ಗ್ಯಾಲರಿ ಸೇಫ್!

ನಾನು ಅಳಿಸು ಅಂದಮೇಲೆ ಕಂಪನಿ ಪೂರ್ತಿ ಅಳಿಸಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಜನರ ಕೈಯಲ್ಲಿರುವುದೂ ಮಾಯವಾಗಲಿ ಅನ್ನಲು ಬಾಯಿ ಬರಲ್ಲ. ಯಾಕಂದರೆ ಹಳೇ ಮನೆ ಓನರ್ 'ಅಡ್ವಾನ್ಸ್ ಮುಂದಿನ ತಿಂಗಳು ಕೊಡ್ತೀನಿ' ಅಂತ ಕಳಿಸಿ, ಆಮೇಲೆ ಅಳಿಸಿದ್ದರು. ನನ್ನ ಹತ್ತಿರ ಸ್ಕ್ರೀನ್‌ಶಾಟ್ ಇತ್ತು. ದುಡ್ಡು ಬಂದಿದ್ದು ಅದರಿಂದಲೇ.

ಹೋದ ತಿಂಗಳು ತಂಗಿಯ ಸೀಮಂತ. ನನ್ನ ಎಲೆಗೆ ಒಬ್ಬಟ್ಟು ಬಿದ್ದಿದ್ದೇ ತಡ, ಚಿಕ್ಕಮ್ಮ ತಾವೇ ತುಪ್ಪದ ಮಿಳ್ಳೆ ಹಿಡಿದು ಬಂದರು. "ಸಾಕು ಚಿಕ್ಕಮ್ಮ, ಸಾಕು" ಅಂದರೂ ಬಿಡಲಿಲ್ಲ. ಒಬ್ಬಟ್ಟು ತೇಲುವಷ್ಟು ಸುರಿದರು. ಎದುರು ಸಾಲಿನಲ್ಲಿ ಯಾರೋ ಫೋಟೊ ತೆಗೆದುಕೊಂಡರು.