ಕಾಲ್‌ಬ್ಯಾಕ್ ಇದೆ ಎಂದರೆ ಯಾವ ಕಾಲ್‌ಬ್ಯಾಕ್ ಎಂದು ಕೇಳಿ

ನಮ್ಮ ಕಚೇರಿಯ ಸರ್ವರ್ ರಾತ್ರಿಯ ಹೊತ್ತು ತಾನಾಗಿಯೇ ವಿದೇಶದ ದುಬಾರಿ ಸಂಖ್ಯೆಗಳಿಗೆ ಕರೆ ಮಾಡುತ್ತಿತ್ತು. ವೈರಸ್ ಹೊಕ್ಕಿರಲಿಲ್ಲ. ಭದ್ರತೆಗೆಂದು ಅಳವಡಿಸಿದ್ದ ಕಾಲ್‌ಬ್ಯಾಕ್ ಸೌಲಭ್ಯವೇ, ಅಂದರೆ ಒಳಬಂದ ಕರೆಯನ್ನು ಕಡಿದು ಸರ್ವರೇ ತಿರುಗಿ ಕರೆ ಮಾಡುವ ವ್ಯವಸ್ಥೆಯೇ, ಆ ಕರೆಗಳನ್ನು ಮಾಡುತ್ತಿತ್ತು. ವಿಷಯ ಗೊತ್ತಾದದ್ದು ಫೋನ್ ಬಿಲ್ಲು ಬಂದ ಮೇಲೆ.

ಮುಖ್ಯ ಸಂಪರ್ಕ ಕಡಿದುಹೋದಾಗ ಒಳಗಿನ ಯಂತ್ರಗಳನ್ನು ತಲುಪಲು ಫೋನ್ ಲೈನಿನ ಮೂಲಕ ಕಂಪ್ಯೂಟರ್‌ಗಳನ್ನು ಜೋಡಿಸುವ ಒಂದು ಡಯಲ್-ಅಪ್ ಮೋಡೆಮ್ ಇಟ್ಟುಕೊಳ್ಳುವುದು ಹಳೆಯ ರೂಢಿ, ಅದರಲ್ಲಿ ತಪ್ಪೇನೂ ಇಲ್ಲ. ಅದನ್ನು ಕೂರಿಸಿದ ಗುತ್ತಿಗೆದಾರರು ಹಸ್ತಾಂತರ ಪತ್ರದಲ್ಲಿ ‘ಕಾಲ್‌ಬ್ಯಾಕ್ ಭದ್ರತೆ’, ‘ಡೇಟಾ ಕಂಪ್ರೆಷನ್’ (ಕಳಿಸುವ ದತ್ತಾಂಶವನ್ನು ಕುಗ್ಗಿಸುವುದು) ಎಂಬ ಎರಡು ಸಾಲುಗಳ ಮುಂದೆ ಗುರುತು ಹಾಕಿ, ಸಹಿ ಮಾಡಿಸಿಕೊಂಡು ಹೋಗಿದ್ದರು.

ವಿಂಡೋಸ್ ಎನ್‌ಟಿ ಕಾಲದಿಂದಲೂ ಹೊರಗಿನಿಂದ ಕರೆ ಮಾಡಿ ಒಳಬರುವ ದೂರಪ್ರವೇಶದ ಸರ್ವರ್‌ನಲ್ಲಿ ಪ್ರತಿ ಬಳಕೆದಾರನಿಗೆ ಮೂರು ಆಯ್ಕೆಗಳಿವೆ. ಕಾಲ್‌ಬ್ಯಾಕ್ ಬೇಡ ಎನ್ನುವುದು ಒಂದು. ಕರೆ ಮಾಡಿದವನೇ ತನ್ನ ಸಂಖ್ಯೆ ಕೊಡಲಿ, ಸರ್ವರ್ ಅದಕ್ಕೆ ತಿರುಗಿ ಕರೆ ಮಾಡಲಿ ಎನ್ನುವುದು ಇನ್ನೊಂದು. ಆಡಳಿತಗಾರ ಮೊದಲೇ ಬರೆದಿಟ್ಟ ಸಂಖ್ಯೆಗೆ ಮಾತ್ರ ಕರೆ ಹೋಗಲಿ ಎನ್ನುವುದು ಮೂರನೆಯದು. ಎರಡನೆಯದು ಇರುವುದು ಊರೂರು ಸುತ್ತುವ ನೌಕರನ ಫೋನ್ ಖರ್ಚನ್ನು ಕಚೇರಿಯೇ ಹೊರಲಿ ಎಂಬ ಅನುಕೂಲಕ್ಕೆ. ಅದಕ್ಕೂ ಭದ್ರತೆಗೂ ಸಂಬಂಧವಿಲ್ಲ. ನಮ್ಮಲ್ಲಿ ಆನ್ ಆಗಿದ್ದದ್ದು ಅದೇ!

ಲಾಗ್ ತೆರೆದು ನೋಡಿದರೆ ಸಾಲಿನ ಮೇಲೆ ಸಾಲು ಒಂದೇ ಕಥೆ: ಒಳಬಂದ ಕರೆ, ಪಾಸ್‌ವರ್ಡ್ ಸರಿ, ಕಾಲ್‌ಬ್ಯಾಕ್ ಸಂಖ್ಯೆ ಸೊನ್ನೆ ಸೊನ್ನೆಯಿಂದ ಶುರು (ಅಂದರೆ ವಿದೇಶದ ಸಂಖ್ಯೆ), ಆಮೇಲೆ ಹೊರಹೋದ ದೀರ್ಘ ಕರೆ. ಬಳಕೆದಾರನ ಹೆಸರು ಗುತ್ತಿಗೆದಾರರು ತಮ್ಮ ದುರಸ್ತಿಗೆಂದು ಬಿಟ್ಟುಹೋದ ಖಾತೆಯದು. ಅದರ ಪಾಸ್‌ವರ್ಡೂ ಆ ಹೆಸರೇ. ಸಾಲಾಗಿ ಸಂಖ್ಯೆಗಳಿಗೆ ಕರೆ ಮಾಡುತ್ತಾ ಮೋಡೆಮ್ ದನಿ ಎಲ್ಲಿ ಕೇಳಿಸುತ್ತದೆ ಎಂದು ಹುಡುಕುವ ತಂತ್ರಾಂಶಗಳು ದಶಕಗಳಿಂದ ಇವೆ. ಹಾಗಿರುವಾಗ ಇಂಥ ಖಾತೆ ಕೈಗೆ ಸಿಗುವುದು ಯಾವ ಲೆಕ್ಕ?

ಕೇಳಿದಾಗ ಗುತ್ತಿಗೆದಾರರು ‘ಪಾಸ್‌ವರ್ಡ್ ಗ್ರಾಹಕರ ಹೊಣೆ’ ಎಂದರು. ಒತ್ತಾಯಿಸಿದ ಮೇಲೆ ಸಂಖ್ಯೆಯನ್ನು ನಿಗದಿಗೊಳಿಸಿ ಕೈತೊಳೆದುಕೊಂಡರು. ಅಷ್ಟು ಸಾಲದು. ನಿಗದಿಯಾದ ಸಂಖ್ಯೆಯಲ್ಲಿ ಕರೆ ವರ್ಗಾವಣೆ ಹಾಕಿಬಿಟ್ಟರೆ ಸರ್ವರ್‌ನ ಕರೆ ಇನ್ನೆಲ್ಲಿಗೋ ಹೋಗುತ್ತದೆ. ಇನ್ನೊಂದು ಕುತಂತ್ರ ಇದಕ್ಕಿಂತ ಹಳೆಯದು. ಕೆಲವು ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಕರೆ ಸ್ವೀಕರಿಸಿದವರು ಫೋನ್ ಇಟ್ಟರೂ, ಕರೆ ಮಾಡಿದವನು ಇಡುವ ತನಕ ಲೈನು ತಕ್ಷಣ ಕಡಿಯುವುದಿಲ್ಲ. ಕಳ್ಳ ಫೋನ್ ಇಡದೆ ಕಾಯುತ್ತಾನೆ, ಡಯಲ್ ಟೋನ್ ಹೋಲುವ ದನಿ ಕೇಳಿಸುತ್ತಾನೆ. ಮೋಡೆಮ್ ಲೈನು ಎತ್ತಿ, ಟೋನ್ ಬಂತೆಂದು ನಂಬಿ, ಸರಿಯಾದ ಸಂಖ್ಯೆಯನ್ನೇ ಒತ್ತುತ್ತದೆ. ಅಂಕಿಗಳೆಲ್ಲ ಕಳ್ಳನ ಕಿವಿಗೆ ಬೀಳುತ್ತವೆ, ಅವನ ಮೋಡೆಮ್ ಉತ್ತರಿಸುತ್ತದೆ. ಹಾಗಾಗಿ ತಿರುಗಿ ಕರೆ ಮಾಡಲು ಬೇರೆಯದೇ, ಹೊರಹೋಗುವ ಕರೆಗೆ ಮೀಸಲಾದ ಲೈನು ಇರಬೇಕು. ನಮಗೆ ಕೊಟ್ಟಿದ್ದದ್ದು ಒಂದೇ ಲೈನು. ಅದರಲ್ಲಿ ಅಂತರರಾಷ್ಟ್ರೀಯ ಕರೆಯನ್ನು ತಡೆಹಿಡಿಸಿಯೂ ಇರಲಿಲ್ಲ.

ಇನ್ನು ಕಂಪ್ರೆಷನ್. ‘ವೇಗ ನಾಲ್ಕು ಪಟ್ಟು’ ಎಂದು ಮಾರಿದ್ದರು. ವಿ.42ಬಿಸ್ ಮಾನದಂಡದ ಮೋಡೆಮ್‌ಗಳು ಸಾದಾ ಪಠ್ಯವನ್ನು ಚೆನ್ನಾಗಿಯೇ ಕುಗ್ಗಿಸುತ್ತವೆ, ನಿಜ. ಆದರೆ ನಾವು ಕಳಿಸುತ್ತಿದ್ದದ್ದು ಜಿಪ್ ಮಾಡಿದ ಬ್ಯಾಕಪ್‌ಗಳು. ಒಮ್ಮೆ ಹಿಂಡಿದ್ದರಲ್ಲಿ ಮತ್ತೆ ಹಿಂಡಲು ಏನೂ ಉಳಿದಿರುವುದಿಲ್ಲ. ಮೋಡೆಮ್‌ಗಳ ಹಳೆಯ ಕುಗ್ಗಿಸುವ ಪದ್ಧತಿಯಾದ ಎಂಎನ್‌ಪಿ 5ರಲ್ಲಂತೂ ಅಂಥ ಕಡತ ಇನ್ನಷ್ಟು ಉಬ್ಬುತ್ತದೆ. ಗೂಢಲಿಪೀಕರಿಸಿದ ದತ್ತಾಂಶವೂ ಅಷ್ಟೇ, ಕುಗ್ಗುವುದಿಲ್ಲ. ಕುಗ್ಗಿಸುವುದಾದರೆ ಗೂಢಲಿಪಿಗೆ ಮೊದಲೇ ಕುಗ್ಗಿಸಬೇಕು.

ಹಾಗೆ ಮಾಡಿದರೂ ಅಪಾಯ ತಪ್ಪಿದ್ದಲ್ಲ. ಮೋಡೆಮ್ ಕಿತ್ತು ವಿಪಿಎನ್ (ಇಂಟರ್ನೆಟ್ ಮೂಲಕ ಗೂಢಲಿಪಿಯಲ್ಲಿ ಸಾಗುವ ಖಾಸಗಿ ಸಂಪರ್ಕ) ಹಾಕೋಣ ಎಂದಾಗ ಅದೇ ಗುತ್ತಿಗೆದಾರರು ಓಪನ್‌ವಿಪಿಎನ್ ಎಂಬ ವಿಪಿಎನ್ ತಂತ್ರಾಂಶದ ಸಂರಚನಾ ಕಡತ ಕಳಿಸಿದರು. ಅದರಲ್ಲೂ ಕಂಪ್ರೆಷನ್ ಆನ್! ಗುಟ್ಟಿನ ಮಾಹಿತಿಯ ಜೊತೆಗೆ ದಾಳಿಕೋರ ತಾನು ಊಹಿಸಿದ ಅಕ್ಷರಗಳನ್ನೂ ಸೇರಿಸಿ ಹೋಗುವಂತೆ ಮಾಡಬಲ್ಲನಾದರೆ, ಊಹೆ ಸರಿಯಾದಾಗ ಅವೇ ಅಕ್ಷರಗಳು ಮರುಕಳಿಸಿ, ಹೆಚ್ಚು ಕುಗ್ಗಿ, ಪ್ಯಾಕೆಟ್ಟು (ಒಮ್ಮೆಗೆ ಸಾಗುವ ದತ್ತಾಂಶದ ತುಣುಕು) ತುಸು ಚಿಕ್ಕದಾಗುತ್ತದೆ. ಗೂಢಲಿಪಿ ಒಡೆಯದೆಯೇ, ಬರೀ ಉದ್ದ ಅಳೆದು ಗುಟ್ಟು ಕದಿಯಬಹುದು. 2012ರಲ್ಲಿ ಕ್ರೈಮ್ ಎಂಬ ದಾಳಿ, ವೆಬ್ ಸಂಪರ್ಕಗಳಿಗೆ ಗೂಢಲಿಪಿಯ ರಕ್ಷಣೆ ಕೊಡುವ ಟಿಎಲ್‌ಎಸ್‌ನಲ್ಲಿ ಇದನ್ನು ತೋರಿಸಿತು. 2018ರಲ್ಲಿ ವೊರಾಕಲ್ ಎಂಬ ದಾಳಿ, ಗೂಢಲಿಪಿಯಿಲ್ಲದ ವೆಬ್ ಪುಟಗಳು ವಿಪಿಎನ್ ಮೂಲಕ ಹಾಯುವಾಗ ಇದೇ ಆಗುತ್ತದೆ ಎಂದು ತೋರಿಸಿತು. ಆಮೇಲೆ ಓಪನ್‌ವಿಪಿಎನ್ ತಯಾರಕರೇ ಕಂಪ್ರೆಷನ್ ಬಳಸಬೇಡಿ ಎನ್ನತೊಡಗಿದರು. ಇಷ್ಟಾದರೂ ಮಾದರಿ ಕಡತವನ್ನು ವರ್ಷಗಳ ಕಾಲ ತಿದ್ದದೆ ನಕಲು ಮಾಡಿ ಹಂಚುವವರಿಗೆ ಏನೆನ್ನಬೇಕೋ!

ನಿಮ್ಮಲ್ಲೂ ಗುತ್ತಿಗೆಯವರು ಹೀಗೆ ಗುರುತು ಹಾಕಿಕೊಟ್ಟಿದ್ದರೆ ಪತ್ರವನ್ನು ಬದಿಗಿಟ್ಟು ಸರ್ವರ್‌ನಲ್ಲೇ ನೋಡಿ: ಪ್ರತಿ ಖಾತೆಗೂ ಸಂಖ್ಯೆ ನಿಗದಿಯಾಗಿದೆಯೇ, ದುರಸ್ತಿಯ ಖಾತೆ ಕೆಲಸವಿಲ್ಲದಾಗ ಮುಚ್ಚಿದೆಯೇ, ವಿಪಿಎನ್ ಕಡತದಲ್ಲಿ ಕಂಪ್ರೆಷನ್ ಸಾಲು ಉಳಿದಿದೆಯೇ. ನಮ್ಮ ಬಿಲ್ಲನ್ನು ಯಾರು ತೆರಬೇಕೆಂಬ ಜಗಳ ಇನ್ನೂ ಬಗೆಹರಿದಿಲ್ಲ. ಗುತ್ತಿಗೆಯ ಒಪ್ಪಂದದಲ್ಲಿ ಅದರ ಬಗ್ಗೆ ಒಂದು ಮಾತೂ ಇಲ್ಲ.