ವಿಂಡೋಸ್ 7: ಹನ್ನೊಂದು ವರ್ಷ ಅಂಗಡಿಯಲ್ಲಿ ದುಡಿಸಿದ ಮೇಲೆ

ಉಡುಪಿ ರಥಬೀದಿ ಹತ್ತಿರ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ ಉಂಟು. 2012ರಲ್ಲಿ ಮಂಗಳೂರಿನ ಹಂಪನಕಟ್ಟೆಯಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್, ಅದರಲ್ಲಿ ವಿಂಡೋಸ್ 7. ಮದುವೆ ಕಾಗದ, ಕೋಲದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್ ಎಲ್ಲ ಅದರಲ್ಲೇ ಆದದ್ದು. ಪೇಜ್‌ಮೇಕರ್, ಕೋರೆಲ್‌ಡ್ರಾ, ನುಡಿ ಮೂರನ್ನೂ ಒಟ್ಟಿಗೆ ತೆರೆದಿಟ್ಟರೂ ನಾಲ್ಕು ಜಿಬಿ ರ‍್ಯಾಮ್‌ನಲ್ಲಿ ಹ್ಯಾಂಗ್ ಆಗುತ್ತಿರಲಿಲ್ಲ. ಕೆಲಸದ ಲೆಕ್ಕಕ್ಕೆ ಐದರಲ್ಲಿ ಐದು ಕೊಡುತ್ತೇನೆ.

2020ರ ಜನವರಿ 14ಕ್ಕೆ ಮೈಕ್ರೋಸಾಫ್ಟ್ ಇದರ ಬೆಂಬಲ ನಿಲ್ಲಿಸಿತು. ದುಡ್ಡು ಕಟ್ಟಿದ ಕಂಪನಿಗಳಿಗೆ ಮಾತ್ರ 2023ರ ಜನವರಿ ತನಕ ಅಪ್‌ಡೇಟ್ ಸಿಕ್ಕಿತು. ನನ್ನ ಸ್ಕ್ರೀನ್ ಮೇಲೂ ಎಚ್ಚರಿಕೆ ಬಂತು, ಮುಚ್ಚಿದೆ. ಚೆನ್ನಾಗಿ ಓಡುತ್ತಾ ಉಂಟಲ್ಲ, ಸುಮ್ನೆ ಯಾಕೆ ಬದಲಿಸುವುದು ಅಂತ.

ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಮಾಡು ಹತ್ತಿ ಒಡೆದ ಹಂಚು ಬದಲಿಸುತ್ತೇವೆ, ಅಲ್ವಾ? ಅಪ್‌ಡೇಟ್ ಅಂದರೆ ಅದೇ ಕೆಲಸ. ಅದು ನಿಂತ ದಿನ ಮನೆ ಬೀಳುವುದಿಲ್ಲ, ಆದರೆ ಆಮೇಲೆ ಒಡೆದ ಒಂದೊಂದು ಹಂಚೂ ಹಾಗೇ ಇರುತ್ತದೆ. ಇಲ್ಲಿ ಇನ್ನೊಂದು ಅಪಾಯ ಉಂಟು. ಹೊಸ ವಿಂಡೋಸ್‌ನಲ್ಲಿ ಒಂದು ತೂತು, ಅಂದರೆ ವೈರಸ್ ನುಗ್ಗುವ ದಾರಿ, ಮುಚ್ಚಿದರೆ ಆ ಅಪ್‌ಡೇಟನ್ನು ಬಿಚ್ಚಿ ನೋಡಿದವನಿಗೆ ತೂತು ಎಲ್ಲಿತ್ತು ಅಂತ ಗೊತ್ತಾಗುತ್ತದೆ. ಅದೇ ತೂತು ಹಳೆಯ ವಿಂಡೋಸ್‌ನಲ್ಲೂ ಇದ್ದರೆ ಅಲ್ಲಿ ಅದನ್ನು ಮುಚ್ಚುವವರು ಯಾರೂ ಇಲ್ಲ. ಆಂಟಿವೈರಸ್ ಉಂಟಲ್ಲ ಅಂತ ನಾನೂ ಧೈರ್ಯ ಮಾಡಿದ್ದೆ, ಆದರೆ ಆಂಟಿವೈರಸ್ ವಿಂಡೋಸಿನ ತೂತು ಮುಚ್ಚುವುದಿಲ್ಲ.

2017ರ ಮೇ ತಿಂಗಳಲ್ಲಿ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಬಂದಾಗ ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರ್‌ಗಳೇ ನಿಂತುಹೋದವು. ಅದಕ್ಕೆ ಬೇಕಾದ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆಗ ವಿಂಡೋಸ್ 7ಕ್ಕೆ ಹಾಕಿಕೊಳ್ಳಲು ಏನಾದರೂ ಇತ್ತು. 2020ರ ನಂತರ ನನ್ನಂಥವರಿಗೆ ಅದೂ ಇಲ್ಲ. ಕ್ರೋಮ್ ಬ್ರೌಸರ್ ಕೂಡ ವಿಂಡೋಸ್ 7ರಲ್ಲಿ 109ನೇ ಆವೃತ್ತಿಗೇ ನಿಂತಿತು.

2023ರ ಜುಲೈ, ಜೋರು ಮಳೆ. ಗಿರಾಕಿಯೊಬ್ಬರು ಕೊಟ್ಟ ಪೆನ್‌ಡ್ರೈವ್ ಹಾಕಿದರೆ ಒಳಗಿದ್ದದ್ದೆಲ್ಲ ಶಾರ್ಟ್‌ಕಟ್. ಒಂದನ್ನು ಒತ್ತಿದೆ. ಮಧ್ಯಾಹ್ನ ಊಟ ಮಾಡಿ ಬಂದು ನೋಡುತ್ತೇನೆ, ಫೈಲ್‌ಗಳ ಹೆಸರಿನ ಕೊನೆಗೆ ಏನೋ ಅಕ್ಷರಗಳು ಸೇರಿವೆ, ಒಂದೂ ತೆರೆಯುವುದಿಲ್ಲ, ದುಡ್ಡು ಕೇಳುವ ಒಂದು ಚೀಟಿ ಮಾತ್ರ ತೆರೆಯುತ್ತದೆ. ಪಕ್ಕದ ಬಿಲ್ಲಿಂಗ್ ಮಷಿನ್‌ನಲ್ಲಿ ಶೇರ್ ಮಾಡಿದ್ದ ಫೋಲ್ಡರ್ ಕೂಡ ಹೋಯಿತು. ಹನ್ನೊಂದು ವರ್ಷದ ಡಿಸೈನ್! ದುಡ್ಡು ಕೊಡಲಿಲ್ಲ, ಕೊಟ್ಟರೂ ಫೈಲ್ ವಾಪಸ್ ಬರುವ ಖಾತ್ರಿ ಇಲ್ಲ.

ಶಾರ್ಟ್‌ಕಟ್ ಒತ್ತಿದ್ದು ನಾನೇ, ಹೊಸ ವಿಂಡೋಸ್‌ನಲ್ಲೂ ಹಾಗೆ ಒತ್ತಿದರೆ ಕಷ್ಟವೇ. ಆದರೆ ಹೊಸದರಲ್ಲಿ ತಡೆಯುವ ಬಾಗಿಲು ಜಾಸ್ತಿ.

ಡಿಸೈನ್ ಹೋದದ್ದನ್ನು ತಡೆದುಕೊಂಡೆ. ನಿದ್ದೆ ಕೆಡಿಸಿದ್ದು ಸ್ಕ್ಯಾನ್ ಫೋಲ್ಡರ್. ಅದರಲ್ಲಿ ಜನರ ಆಧಾರ್, ಪಾಸ್‌ಬುಕ್, ಮಕ್ಕಳ ಮಾರ್ಕ್ಸ್‌ಕಾರ್ಡ್. ಬೀಗ ಹಾಕುವ ಮೊದಲು ಫೈಲ್‌ಗಳನ್ನು ಕದ್ದು ಕಳಿಸುವ ವೈರಸ್‌ಗಳೂ ಉಂಟು. ನಂಬರ್ ಇದ್ದ ಗಿರಾಕಿಗಳಿಗೆಲ್ಲ ಫೋನ್ ಮಾಡಿ, ಬ್ಯಾಂಕ್ ಮೆಸೇಜ್ ಮೇಲೆ ಕಣ್ಣಿಡಿ, ಓಟಿಪಿ ಯಾರಿಗೂ ಹೇಳಬೇಡಿ ಅಂದೆ. ಒಬ್ಬರು ಅಜ್ಜಿ, "ನನ್ನ ಪೆನ್ಷನ್ ಹೋಗುತ್ತದಾ ಮಗಾ?" ಅಂತ ಕೇಳಿದರು. ಹಳೆಯ ವಿಂಡೋಸ್ ಇಟ್ಟುಕೊಳ್ಳುವುದು ನನ್ನೊಬ್ಬನ ವಿಷಯ ಅಂದುಕೊಂಡಿದ್ದೆ.

ಈಗ ಹಳೇ ಮಷಿನ್‌ಗೆ ಇಂಟರ್ನೆಟ್ ಇಲ್ಲ, ಪೆನ್‌ಡ್ರೈವ್ ಇಲ್ಲ, ಹಳೆಯ ಸಿಡಿಗಳಲ್ಲಿ ಉಳಿದ ಪೇಜ್‌ಮೇಕರ್ ಫೈಲ್ ತೆರೆಯಲಿಕ್ಕೆ ಮಾತ್ರ. ಗಿರಾಕಿಗಳ ಪೆನ್‌ಡ್ರೈವ್ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದ ಲ್ಯಾಪ್‌ಟಾಪ್‌ಗೆ. ಬ್ಯಾಕಪ್ ಹಾರ್ಡ್‌ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಕಳಚಿ ಮನೆಗೆ ಒಯ್ಯುತ್ತೇನೆ. ಬಿಲ್ಲಿಂಗ್ ಮಷಿನ್ ವಿಂಡೋಸ್ 10, ಅದರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಪ್ರೊಸೆಸರ್ ಹಳೆಯದು, ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲ. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ಹಾಕಿದ್ದೇನೆ, ಅದರ ಅವಧಿ ಮುಗಿಯುವುದರೊಳಗೆ ಹೊಸ ಮಷಿನ್ ತೆಗೆದುಕೊಳ್ಳುತ್ತೇನೆ.

ಆಧಾರ್ ಸ್ಕ್ಯಾನ್ ಮಾಡಿ ಪ್ರಿಂಟ್ ಕೊಟ್ಟ ಮೇಲೆ ಸ್ಕ್ರೀನ್ ಗಿರಾಕಿ ಕಡೆ ತಿರುಗಿಸಿ ಅವರೆದುರೇ ಫೈಲ್ ಡಿಲೀಟ್ ಮಾಡುತ್ತೇನೆ.